ಒಬ್ಬರಿಗೊಬ್ಬರು ಆಗದವರ ನಾಟಕ

ನಾನು ಕೆಲಸ ಮಾಡುವುದು ರಾಜಾಜಿನಗರದ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ. ಡಿಸ್ಚಾರ್ಜ್ ಬರೆದಾದ ಮೇಲೂ ವಿಮಾ ಕಂಪನಿಯ ಒಪ್ಪಿಗೆ ಬರದೆ ಹಾಸಿಗೆಯ ಮೇಲೆ ಕೂತಿರುವ ರೋಗಿಗಳು, ಅವರ ಮಕ್ಕಳು, ಅಳಿಯಂದಿರು, ಅಳಿಯಂದಿರ ಬೆಂಬಲಕ್ಕೆ ಬಂದ ಸ್ನೇಹಿತರು, ಎಲ್ಲರೂ ಬಂದು ಕೂಗಾಡುವುದು ನನ್ನ ಎದುರಿಗೇ. ಕಂಪನಿಯವರು ಎಲ್ಲೋ ಇರುತ್ತಾರೆ, ಡಾಕ್ಟರು ರೌಂಡ್ಸಿಗೆ ಹೋಗಿರುತ್ತಾರೆ, ಕೈಗೆ ಸಿಗುವವಳು ನಾನು. ಮೊದಮೊದಲು ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಆಮೇಲೆ ಅದೂ ನಿಂತುಹೋಯಿತು.

ಒಂದು ಮಧ್ಯಾಹ್ನ ಯಾರೋ ಒಬ್ಬರು ನನ್ನ ಅಪ್ಪ ಅಮ್ಮನನ್ನೆಲ್ಲ ಎಳೆದು ತಂದು ಬೈದು ಹೋದರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಗಡ್ಡದವನೊಬ್ಬ ಎದ್ದು ಬಂದ. ಅವನ ತಂದೆ ಮೇಲಿನ ವಾರ್ಡಿನಲ್ಲಿದ್ದರು. ಇವನ ಸರದಿಯೂ ಬಂತು ಅಂದುಕೊಂಡೆ.

"ಮೇಡಂ, ನೀವು ನಾಟಕದಲ್ಲಿ ಮಾಡ್ತೀರಾ?" ಅಂದ.

"ಯಾಕೆ?"

"ಅಷ್ಟು ಬೈದ್ರೂ ನಿಮ್ಮ ಮುಖ ಅಲ್ಲಾಡ್ಲಿಲ್ಲ. ಅಂಥ ಮುಖ ಹುಡುಕ್ತಾ ಇದೀನಿ."

ಅವನು ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ, ಬಿಡುವಿನಲ್ಲಿ ನಾಟಕ ಬರೆದು ಆಡಿಸುತ್ತಿದ್ದ. ನನಗಿಂತ ಐದಾರು ವರ್ಷ ಚಿಕ್ಕವನು. ಅವನ ಮಾತಿನಲ್ಲಿ ಮೆಚ್ಚುಗೆ ಇದೆ ಅಂತ ನಾನು ತಿಳಿದುಕೊಂಡೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಕಣ್ಣು ಅದು ಅಂತ ಗೊತ್ತಾಗುವುದಕ್ಕೆ ಸಮಯ ಹಿಡಿಯಿತು. ನಾನು ಒಪ್ಪಿಕೊಂಡೆ. ನಲವತ್ತು ದಾಟಿದವಳು, ಬಸವೇಶ್ವರನಗರದಲ್ಲಿ ಅಕ್ಕ ಭಾವನ ಮನೆಯ ಮೇಲಿನ ಕೋಣೆಯಲ್ಲಿ ಇರುವವಳು, ಗಂಡನನ್ನು ಬಿಟ್ಟವಳು. "ಈ ವಯಸ್ಸಲ್ಲಿ ಬಣ್ಣ ಹಚ್ಕೋಬೇಕಾ?" ಅಂತ ಅಕ್ಕ ತೆಲುಗಿನಲ್ಲಿ ಕೇಳಿದಳು. ನಮ್ಮ ಮನೆಮಾತು ತೆಲುಗು. ತಾತ ಹಿಂದೂಪುರದ ಕಡೆಯಿಂದ ಬಂದವರು, ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾನು ಓದಿದ್ದು, ಬರೆದದ್ದು, ಜಗಳವಾಡಿದ್ದು ಎಲ್ಲ ಕನ್ನಡದಲ್ಲೇ. ಅಕ್ಕನ ಪ್ರಶ್ನೆಯನ್ನು ಅಲ್ಲೇ ಬಿಟ್ಟು ತಾಲೀಮಿಗೆ ಹೊರಟೆ.

ತಾಲೀಮು ಮೂಡಲಪಾಳ್ಯದಲ್ಲಿ, ಒಂದು ಕಟ್ಟಡದ ತುದಿಯ ಮಹಡಿಯಲ್ಲಿ. ಮೇಲೆ ಶೀಟು ಹೊದಿಸಿದ್ದ ದೊಡ್ಡ ಜಾಗ. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಸೇರುತ್ತಿದ್ದೆವು. ಕೆಳಗೆ ಹಾರ್ಡ್‌ವೇರ್ ಅಂಗಡಿ, ಅದರ ಮೇಲೆ ಮಾಲೀಕರ ಮನೆ, ಅದರ ಮೇಲೆ ಬಾಡಿಗೆಯವರು, ಎಲ್ಲಕ್ಕೂ ಮೇಲೆ ನಾವು. ಆ ಮಾಲೀಕನೂ ನಾಟಕದಲ್ಲಿ ಒಬ್ಬ ಪಾತ್ರಧಾರಿ. ಒಟ್ಟು ನಾಲ್ಕೇ ಜನ ನಾವು.

ನಾಟಕದ ಕಥೆ ಹೀಗಿತ್ತು. ಒಂದು ಹಳ್ಳಿಯಲ್ಲಿ ಒಬ್ಬ ವಿಧವೆ ಊರ ಮುಖಂಡನ ಮಗನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾಳೆ. ಊರು ಅವಳಿಗೆ ಬಹಿಷ್ಕಾರ ಹಾಕುತ್ತದೆ. ಅಂಗಡಿಯವನು ಸಾಮಾನು ಕೊಡುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ, ಕೊನೆಗೆ ಸ್ವಂತ ತಮ್ಮನೇ ಅವಳ ಮುಖಕ್ಕೆ ಬಾಗಿಲು ಹಾಕಿಕೊಳ್ಳುತ್ತಾನೆ. ಆ ವಿಧವೆ ನಾನು.

ಮುಖಂಡನ ಪಾತ್ರ ಮಾಡಿದವರು ಹಾವೇರಿ ಕಡೆಯವರು. ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ವಿಜಯನಗರದಲ್ಲಿ ಮನೆ ಕಟ್ಟಿಕೊಂಡಿದ್ದರು. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಗಂಟೆ ಹೊಡೆದ ಹಾಗಿನ ದನಿ. ಕಾಲೇಜಿನಲ್ಲಿ ಹೆಣ್ಣುವೇಷ ಹಾಕಿ ಬಹುಮಾನ ಗೆದ್ದದ್ದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆಮೇಲೆ ಇಡೀ ಆಯುಸ್ಸು ಫೈಲುಗಳಿಗೆ ಸಹಿ ಹಾಕಿದ್ದರು. ಈಗ ಮನೆಯಲ್ಲಿ ಅವರ ದನಿ ಯಾರಿಗೂ ಬೇಡವಾಗಿತ್ತು. ಸೊಸೆ ಟಿವಿಯ ಸದ್ದು ಜೋರು ಮಾಡುತ್ತಾಳಂತೆ. ಅದಕ್ಕೇ ಇಲ್ಲಿ ಬಂದು ನಮ್ಮೆಲ್ಲರ ಮಾತನ್ನೂ ತಿದ್ದುತ್ತಿದ್ದರು.

ಅಂಗಡಿಯವನ ಪಾತ್ರ ಕಟ್ಟಡದ ಮಾಲೀಕನದು. ಐವತ್ತರ ಆಸುಪಾಸಿನ ಗಟ್ಟಿ ಮನುಷ್ಯ, ಅಲ್ಲಿನ ಹಳೇ ಊರಿನವನು. ಈಗಿನ ಅಡ್ಡರಸ್ತೆಗಳೆಲ್ಲ ಇರುವುದು ಅವರ ಹೊಲಗಳ ಮೇಲೆ. ಹುಡುಗನಾಗಿದ್ದಾಗ ಊರಿನ ಪೌರಾಣಿಕ ನಾಟಕದಲ್ಲಿ ಸೇರಬೇಕೆಂದು ಹೋದರೆ ಅವನ ಅಪ್ಪ ಹಾರ್ಮೋನಿಯಂ ಮೇಷ್ಟರ ಎದುರಿಗೇ ಕಪಾಳಕ್ಕೆ ಹೊಡೆದು ಎಳೆದುಕೊಂಡು ಬಂದಿದ್ದರಂತೆ. ಆ ಆಸೆ ಒಳಗೇ ಇತ್ತು. ಜಾಗ ಕೊಟ್ಟವನು ತಾನು, ನಿಜವಾಗಿ ಊರ ಯಜಮಾನಿಕೆಯ ಮನೆತನದವನು ತಾನು, ಮುಖಂಡನ ಪಾತ್ರ ತನಗೇ ಅಂತ ನಂಬಿದ್ದ. ನಿರ್ದೇಶಕನಾದ ಗಡ್ಡದವನು ಅದನ್ನು ಆ ನಿವೃತ್ತ ಅಧಿಕಾರಿಗಳಿಗೆ ಕೊಟ್ಟು ಇವನಿಗೆ ತಕ್ಕಡಿ ಕೊಟ್ಟ. ಅವತ್ತಿನಿಂದ ಅಧಿಕಾರಿಗಳನ್ನು ಕಂಡರೆ ಇವನಿಗೆ ಆಗುತ್ತಿರಲಿಲ್ಲ.

ಅವರಿಗಂತೂ ಇವನ ನಾಲಿಗೆಯೇ ಆಗುತ್ತಿರಲಿಲ್ಲ. ಅಂಗಡಿಯ ದೃಶ್ಯದಲ್ಲಿ ವಿಧವೆ ಹಾಲು ಕೇಳಿದಾಗ "ಹಾಲು ಇಲ್ಲ, ಹೋಗು" ಅನ್ನಬೇಕು. ಮಾಲೀಕ "ಆಲು ಇಲ್ಲ" ಅನ್ನುತ್ತಿದ್ದ.

"ಆಲು ಅಲ್ರೀ, ಹಾಲು. ಸ್ವಲ್ಪ ಉಸಿರು ಬಿಡ್ರಿ. ಮಂದಿ ನಗ್ತಾರ," ಅಧಿಕಾರಿಗಳು ಕುರ್ಚಿಯಿಂದಲೇ ಹೇಳಿದರು.

ಮಾಲೀಕ ತಕ್ಕಡಿ ಕೆಳಗಿಟ್ಟ. "ಸಾರ್, ನೀವು ಈ ಊರಿಗೆ ಬರೋಕ್ ಮುಂಚೆ ಇಲ್ಲಿ ನಮ್ಮ ತಾತ ರಾಗಿ ಬೆಳೀತಿದ್ರು. ಅವ್ರೂ ಆಲು ಅಂತ್ಲೇ ಅಂತಿದ್ದಿದ್ದು. ಎಮ್ಮೆ ಏನೂ ಬೇಜಾರು ಮಾಡ್ಕೊಂಡಿರ್ಲಿಲ್ಲ."

"ಎಮ್ಮಿ ಮುಂದ ಆಡೂ ನಾಟಕ ಅಲ್ಲ ಇದು."

"ನಿಮ್ಮ ಕನ್ನಡ ನಿಮ್ಮೂರಲ್ಲಿ ಇಟ್ಕೊಳ್ಳಿ ಸಾರ್. ನಮ್ಮೂರಿಗೆ ಬಂದು ನಮಗೇ ಕನ್ನಡ ಹೇಳ್ಕೊಡ್ಬೇಡಿ."

ನಿರ್ದೇಶಕ ತಡೆಯಲಿಲ್ಲ. ಗೋಡೆಗೆ ಒರಗಿಕೊಂಡು ಇಬ್ಬರನ್ನೂ ನೋಡುತ್ತಿದ್ದ.

ನಾಲ್ಕನೆಯವನು, ನನ್ನ ತಮ್ಮನ ಪಾತ್ರದವನು, ನಾಗರಬಾವಿಯಲ್ಲಿ ಲಾ ಓದುತ್ತಿದ್ದ. ಪಾವಗಡ ಕಡೆಯವನು. ಆ ಸೀಮೆಯಲ್ಲಿ ತೆಲುಗು ನಡೆಯುತ್ತದೆ, ಹಾಗಾಗಿ ನಾವಿಬ್ಬರೂ ಒಂದು ಮೂಲೆಯಲ್ಲಿ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಬಂದ ಕೂಡಲೇ "ಅಕ್ಕಾ, ತಿನ್ನಾವಾ?" ಅಂತ ಕೇಳುತ್ತಿದ್ದ, ಊಟ ಆಯಿತಾ ಅಂತ. ವಾರವಿಡೀ ಬೈಸಿಕೊಂಡು ಬಂದವಳಿಗೆ ಆ ಒಂದು ಮಾತು ಎಷ್ಟು ಹಿತವಾಗುತ್ತಿತ್ತು ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ. ಊರಿನಲ್ಲಿ ಸಂಘಟನೆಯವರ ಜೊತೆ ತಮಟೆ ಹಿಡಿದು ಬೀದಿನಾಟಕ ಮಾಡಿದವನು. ಇಲ್ಲಿಗೆ ಯಾಕೆ ಬಂದೆ ಅಂತ ಒಮ್ಮೆ ಕೇಳಿದ್ದೆ.

"ಅಲ್ಲಿ ಯಾವಾಗ್ಲೂ ನನಗೆ ನಮ್ಮೋರ ಪಾತ್ರಾನೇ ಅಕ್ಕ. ಒದೆ ತಿನ್ನೋನು, ಇಲ್ಲಾಂದ್ರೆ ಎದ್ದು ನಿಂತು ಘೋಷಣೆ ಕೂಗೋನು. ಇಲ್ಲಿ ನಾನು ಬರೀ ತಮ್ಮ. ಯಾರ ಮನೆ ತಮ್ಮ ಅಂತ ಯಾರೂ ಕೇಳಲ್ಲ."

ಆದರೆ ಮಾಲೀಕ ಕೇಳಿದ್ದ, ಮೊದಲ ದಿನವೇ.

"ಯಾವೂರು ಮಗಾ?" ಅಂದ. ಇವನು ಊರಿನ ಹೆಸರು ಹೇಳಿದ. "ಊರಲ್ಲಿ ಎಲ್ಲಿ ಮನೆ?"

"ಊರಾಚೆ ಅಣ್ಣ. ಕಾಲೋನಿ."

"ಓ," ಅಂದ ಮಾಲೀಕ. ಮತ್ತೆ ಏನೂ ಕೇಳಲಿಲ್ಲ. ಆದರೂ ಆಮೇಲೆಯೂ ಮಗಾ ಅಂತಲೇ ಕರೆಯುತ್ತಿದ್ದ, ಹೆಗಲ ಮೇಲೆ ಕೈ ಹಾಕುತ್ತಿದ್ದ. ನಾಗರಬಾವಿಯಲ್ಲಿ ಇವನಿದ್ದ ರೂಮು ಮಾಲೀಕನ ಬಾಮೈದನದು ಅಂತ ಗೊತ್ತಾದಾಗ "ನಮ್ಮ ಹುಡುಗಾನೇ ಬಿಡು" ಅಂದಿದ್ದ.

ಕಾಫಿ ಮಾಲೀಕನ ಮನೆಯಿಂದ ಬರುತ್ತಿತ್ತು. ಅವನ ತಾಯಿ ಸೋಸಿಕೊಟ್ಟದ್ದನ್ನು ಹೆಂಡತಿ ತಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ತರುತ್ತಿದ್ದಳು. ಎಲ್ಲರಿಗೂ ಸ್ಟೀಲ್ ಲೋಟ, ಲಾ ಓದುವವನಿಗೆ ಮಾತ್ರ ಪೇಪರ್ ಕಪ್. ಲೋಟ ಕಡಿಮೆ ಬಿದ್ದಿರಬೇಕು ಅಂದುಕೊಂಡೆ. ಒಂದು ದಿನ ಅಧಿಕಾರಿಗಳು ಬಂದಿರಲಿಲ್ಲ, ಅವರ ಲೋಟ ಉಳಿದಿತ್ತು. ಅವತ್ತೂ ಒಂದು ಪೇಪರ್ ಕಪ್ ಇತ್ತು. ಅವನು ಅದನ್ನು ಕುಡಿಯುತ್ತಿರಲಿಲ್ಲ ಅನ್ನುವುದೂ ಆವಾಗಲೇ ನನ್ನ ಗಮನಕ್ಕೆ ಬಂದದ್ದು. ತೆಗೆದುಕೊಂಡು ಹೋಗಿ ಪ್ಯಾರಪೆಟ್ ಮೇಲೆ ಇಡುತ್ತಿದ್ದ, ಆರಿದ ಮೇಲೆ ನೀರು ಹೋಗುವ ತೂತಿಗೆ ಸುರಿಯುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮುಂದಿನ ಸಲ ತಟ್ಟೆ ಬಂದಾಗ ನಾನು ಆ ಹೆಂಗಸನ್ನು ಕೇಳಿಯೇಬಿಟ್ಟೆ. "ಯಾಕಮ್ಮ, ಇವನೊಬ್ಬನಿಗೆ ಪೇಪರ್ ಕಪ್?"

ಅವಳು ಗಂಡನ ಮುಖ ನೋಡಿದಳು. ಅವನು ನಕ್ಕ. "ಲೋಟ ಕಮ್ಮಿ ಇದೆ ಮೇಡಂ."

"ಸರಿ, ನಾನು ತರ್ತೀನಿ."

ಭಾನುವಾರ ಮನೆಯಿಂದ ಒಂದು ಒಳ್ಳೆಯ ಲೋಟ ತಂದು ಅವಳ ಕೈಯಲ್ಲೇ ಕೊಟ್ಟೆ. ಲಾ ಓದುವವನು ನನ್ನ ಕಡೆ ಒಂದು ಸಲ ನೋಡಿ ಸಂಭಾಷಣೆಯ ಹಾಳೆಗಳತ್ತ ತಿರುಗಿದ. ಅವತ್ತು ಅವನಿಗೂ ಲೋಟದಲ್ಲೇ ಕಾಫಿ ಬಂತು. ಗೆದ್ದೆ ಅಂತ ನನಗನ್ನಿಸಿತು.

ಅದರ ಮುಂದಿನ ಶನಿವಾರ ಆಸ್ಪತ್ರೆಯಲ್ಲಿ ತಡವಾಗಿ ಬೇಗಬೇಗ ಮೆಟ್ಟಿಲು ಹತ್ತುತ್ತಿದ್ದೆ. ಮಾಲೀಕರ ಮನೆಯ ಬಾಗಿಲಿನ ಹೊರಗೆ, ಚಪ್ಪಲಿ ಗೂಡಿನ ಮೇಲಿನ ಕಿಟಕಿ ಕಟ್ಟೆಯ ಮೇಲೆ ನಾನು ತಂದಿದ್ದ ಲೋಟ ಕವುಚಿ ಹಾಕಿತ್ತು. ಒಂಟಿಯಾಗಿ. ಉಳಿದ ಲೋಟಗಳೆಲ್ಲ ಒಳಗೆ ಅಡುಗೆಮನೆಯಲ್ಲಿ. ನಾನು ತಂದದ್ದು ಅವನ ಲೋಟವಾಗಿತ್ತು, ಅವನದು ಮಾತ್ರ.

ಮೇಲೆ ಹೋದಾಗ ಎಲ್ಲರೂ ಇದ್ದರು. ಮಾಲೀಕ ತಕ್ಕಡಿ ಸರಿ ಮಾಡುತ್ತಿದ್ದ. ಆಸ್ಪತ್ರೆಯಲ್ಲಿ ನುಂಗಿಕೊಂಡದ್ದೆಲ್ಲ ಅವತ್ತು ಅಲ್ಲಿ ಬಂತೋ ಏನೋ. "ನನ್ನ ಲೋಟ ಆಚೆ ಯಾಕಿಟ್ಟಿದೀರಿ?" ಅಂತ ಶುರು ಮಾಡಿದವಳು ನಿಲ್ಲಿಸಲಿಲ್ಲ. ಪೇಪರ್ ಕಪ್ಪಿನಿಂದ ಹಿಡಿದು ಎಲ್ಲ ಹೇಳಿದೆ. ಹೆಗಲ ಮೇಲೆ ಕೈ ಹಾಕೋಕೆ ಬರುತ್ತೆ, ಲೋಟ ಒಳಗಿಡೋಕೆ ಬರಲ್ವಾ ಅಂದೆ. ನಿಮ್ಮ ತಾಯಿಗೆ ಹೇಳೋಕೆ ನಿಮಗೆ ಬಾಯಿಲ್ವಾ ಅಂದೆ.

ಮಾಲೀಕನ ಮುಖ ಕೆಂಪಾಯಿತು. "ಅಮ್ಮ ಹಳೇ ಕಾಲದೋರು ಮೇಡಂ. ಅವ್ರನ್ನ ಈ ವಯಸ್ಸಲ್ಲಿ ನಾನು ಬದಲಾಯಿಸ್ಲಾ?"

"ಕಾಫಿ ನೀವೇ ಮಾಡಿ ಹಾಗಾದ್ರೆ."

"ನನ್ನ ಮನೇಲಿ ನಿಂತ್ಕೊಂಡು ನನ್ನ ತಾಯೀನ ಅಂತೀರಾ? ಇಳೀರಿ ಕೆಳಗೆ. ಎಲ್ರೂ ಇಳೀರಿ."

ಅಧಿಕಾರಿಗಳು ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು. ಅವರಿಗೆ ಸಿಟ್ಟು ಬಂದದ್ದು ನನ್ನ ಮೇಲೆ. "ಅವರ ಮನಿ, ಅವರ ಪದ್ಧತಿ. ನಾಟಕಕ್ಕ ಬಂದವರು ನಾಟಕ ಮಾಡಬೇಕ್ರಿ. ನೀವು ತೆಲುಗು ಮಂದಿಗೆ ಬಾಯಿ ಭಾಳ."

ವಾರವಾರವೂ ಮಾಲೀಕನನ್ನು ಹೀಯಾಳಿಸುತ್ತಿದ್ದವರು ಈ ವಿಷಯದಲ್ಲಿ ಅವನ ಪಕ್ಕಕ್ಕೆ ಹೋಗಿ ನಿಂತಿದ್ದರು. ನಿರ್ದೇಶಕನ ಕಡೆ ತಿರುಗಿದೆ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಅದು ಅವನ ಮುಖದಲ್ಲೇ ಇತ್ತು. ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡುತ್ತಿದ್ದ, ಕಣ್ಣು ಹೊಳೆಯುತ್ತಿತ್ತು.

ಲಾ ಓದುವವನು "ಚಾಲು ಅಕ್ಕ, ಸಾಕು" ಅಂದು ಬ್ಯಾಗು ತೆಗೆದುಕೊಂಡು ಇಳಿದ. ಅವನ ಹಿಂದೆಯೇ ಓಡಿದೆ. ಹಾರ್ಡ್‌ವೇರ್ ಅಂಗಡಿಯ ಪಕ್ಕದಲ್ಲಿ ನಿಂತ. ಧನ್ಯವಾದ ಹೇಳುತ್ತಾನೆ ಅಂತ ನಾನು ಕಾದಿದ್ದೆ ಅಂತ ಕಾಣುತ್ತದೆ. ಇಲ್ಲದಿದ್ದರೆ ಅವನ ಮಾತು ಅಷ್ಟು ತಾಗುತ್ತಿರಲಿಲ್ಲ.

"ನಿಮ್ಮನ್ನ ಯಾರು ಕೇಳಿದ್ರು?" ಅಂದ. ತೆಲುಗು ಬಿಟ್ಟು ಕನ್ನಡಕ್ಕೆ ಬಂದಿದ್ದ. "ಕಪ್ಪು ನನಗೆ ಕೊಟ್ಟಿದ್ದು. ಕುಡೀಬೇಕೋ ಸುರೀಬೇಕೋ ನಾನು ನೋಡ್ಕೊಂತಿದ್ದೆ."

"ನೋಡ್ಕೊಂಡು ಸುಮ್ನಿರ್ಬೇಕಿತ್ತಾ ನಾನು?"

"ನನ್ನ ಕೇಳ್ಬೇಕಿತ್ತು. ಒಂದೇ ಒಂದು ಮಾತು ಕೇಳ್ಬೇಕಿತ್ತು. ಎಲ್ರ ಎದುರಿಗೆ ನನ್ನ ನಿಲ್ಲಿಸಿ ತೋರಿಸಿದ್ರಿ. ಇನ್ಮೇಲೆ ಅಲ್ಲಿ ನಾನು ತಮ್ಮನ ಪಾತ್ರ ಮಾಡಿದ್ರೂ ಅವ್ರಿಗೆ ಕಾಣೋದು ಆ ಲೋಟಾನೇ."

"ನೀನು ಅಷ್ಟು ದಿನದಿಂದ ನುಂಗ್ಕೊಂಡಿದ್ದೆಯಲ್ಲ, ಅದಕ್ಕೆ ನಿನಗೆ ನಾಚಿಕೆ ಆಗ್ಬೇಕು," ಅಂದೆ. ಸಿಟ್ಟಿನಲ್ಲಿ ಬಂದ ಮಾತು. ಅವನು ತಿರುಗಿ ನಡೆದುಬಿಟ್ಟ.

ಆ ವಾರ ಮುಗಿಯುವುದರೊಳಗೆ ಮಾಲೀಕನ ಬಾಮೈದ ಅವನಿಗೆ ರೂಮು ಖಾಲಿ ಮಾಡಲು ಹೇಳಿದ. ಸಂಬಂಧಿಕರು ಬರುತ್ತಾರೆ ಅನ್ನುವುದು ಕೊಟ್ಟ ಕಾರಣ. ಪರೀಕ್ಷೆಯ ಸಮಯ. ಗೆಳೆಯನೊಬ್ಬ ಕೆಂಗೇರಿ ಉಪನಗರದಲ್ಲಿದ್ದ, ಅವನ ಜೊತೆ ನೆಲದ ಮೇಲೆ ಹಾಸಿಗೆ ಹಾಕಿಕೊಂಡ. ಸುದ್ದಿ ತಿಳಿದ ಕೂಡಲೇ ಫೋನ್ ಮಾಡಿದೆ. ನಮ್ಮ ರಸ್ತೆಯಲ್ಲೇ ಒಂದು ರೂಮಿದೆ, ನಾನು ಮಾತಾಡುತ್ತೇನೆ ಅಂದೆ.

"ಬೇಡ ಮೇಡಂ," ಅಂದ.

ಮೇಡಂ ಅಂದದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ನನಗೆ ಬೈಯುವವರೆಲ್ಲ ಮೊದಲು ಮೇಡಂ ಅಂದೇ ಶುರು ಮಾಡುವುದು.

ನಾಟಕ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಯಾಕೆಂದರೆ ಯಾರಿಗೂ ಬಿಡಲು ಮನಸ್ಸಿರಲಿಲ್ಲ. ಮಾಲೀಕ ಬಳಗಕ್ಕೆಲ್ಲ ಹೇಳಿಯಾಗಿತ್ತು. ಅಧಿಕಾರಿಗಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಲಾ ಓದುವವನು ಹಟಕ್ಕೆ ಬಿದ್ದಿದ್ದ. ತಾನು ಬಿಟ್ಟರೆ ಓಡಿಸಿದ ಹಾಗಾಗುತ್ತದೆ ಅಂದನಂತೆ. ನಾನು ಬಿಟ್ಟರೆ ಅಕ್ಕ "ನಾನು ಹೇಳಿರ್ಲಿಲ್ವಾ" ಅನ್ನುತ್ತಿದ್ದಳು. ಮಾಲೀಕ ಪಾತ್ರ ಮಾಡುತ್ತೇನೆ, ಜಾಗ ಕೊಡುವುದಿಲ್ಲ ಅಂದ. ನಿರ್ದೇಶಕ ಮಾರೇನಹಳ್ಳಿಯಲ್ಲಿ ಯೋಗ ಹೇಳಿಕೊಡುವವರ ಕೋಣೆಯೊಂದನ್ನು ಹಿಡಿದ. ನೆಲಕ್ಕೆ ಚಾಪೆ, ಗೋಡೆಯ ತುಂಬ ಕನ್ನಡಿ. ಎಲ್ಲಿ ತಿರುಗಿದರೂ ನಮ್ಮ ನಮ್ಮ ಗಂಟುಮೋರೆಗಳೇ.

ಅಲ್ಲಿ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಬರುವುದು, ಸಂಭಾಷಣೆ ಹೇಳುವುದು, ಚಪ್ಪಲಿ ಹಾಕಿಕೊಳ್ಳುವುದು. ಅವರವರ ನೀರಿನ ಬಾಟಲಿ ಅವರವರು ತರುತ್ತಿದ್ದರು. ಅಧಿಕಾರಿಗಳು ಮುಖಂಡನಾಗಿ "ಇನ್ನು ಮುಂದ ಈಕಿಗೆ ಈ ಊರಾಗ ಬೆಂಕಿ ಇಲ್ಲ, ನೀರಿಲ್ಲ" ಅಂತ ನನ್ನ ಕಡೆ ಬೆರಳು ತೋರಿಸಿದಾಗ ಆ ಬೆರಳಿನಲ್ಲಿ ಅಭಿನಯ ಇರಲಿಲ್ಲ. ನಿರ್ದೇಶಕನಿಗೆ ಹಬ್ಬ.

"ಈಗ ಸರಿ ಹೋಯ್ತು ನೋಡಿ," ಅಂದ ಒಂದು ದಿನ. "ಇಷ್ಟು ದಿನ ನಿಮ್ಮೊಳಗಿಂದ ಈ ಸಿಟ್ಟು ಹೊರಗೆ ತರೋಕೆ ಒದ್ದಾಡ್ತಿದ್ದೆ. ಹೀಗೇ ಇಟ್ಕೊಳ್ಳಿ. ಯಾರೂ ರಾಜಿ ಆಗ್ಬೇಡಿ."

ನನಗೆ ಬೈದವರು ಬಹಳ ಜನ. ಅವರ ಯಾರ ಮೇಲೂ ಬರದಷ್ಟು ಅಸಹ್ಯ ಆ ಮನುಷ್ಯನ ಮೇಲೆ ಬಂತು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ವಾರ ಹೊಸದಾಗಿ ಬರೆದ ಒಂದು ದೃಶ್ಯ ತಂದ. ವಿಧವೆ ಅಂಗಡಿಯ ಮುಂದೆ ನೀರು ಕೇಳುತ್ತಾಳೆ, ಅಂಗಡಿಯವನು ಅವಳಿಗೆ ಅಂತಲೇ ಹೊರಗೆ ಇಟ್ಟಿರುವ ಲೋಟವನ್ನು ತಮ್ಮನ ಕೈಯಲ್ಲಿ ಕೊಡಿಸುತ್ತಾನೆ.

ಓದಿ ಮುಗಿಸುವ ಮೊದಲೇ ಲಾ ಓದುವವನು ಎದ್ದ. "ಇದು ಹಾಕಿದ್ರೆ ನಾನಿಲ್ಲ ಸಾರ್."

"ಯಾಕೆ? ನಿಮ್ಮ ಅನುಭವಕ್ಕೆ ಒಂದು ಬೆಲೆ ಬರುತ್ತಲ್ವಾ?"

"ನನ್ನ ಅನುಭವ ನನ್ನ ಹತ್ರಾನೇ ಇರ್ಲಿ."

ಕನ್ನಡಿಯ ಹತ್ತಿರ ಕೂತಿದ್ದ ಮಾಲೀಕನೂ ಎದ್ದ. "ಹಾಕಿದ್ರೆ ನಾನೂ ಇಲ್ಲ."

ಒಬ್ಬನಿಗೆ ತನ್ನ ಮಾನ, ಇನ್ನೊಬ್ಬನಿಗೆ ಮುಂದಿನ ಸಾಲಿನಲ್ಲಿ ಕೂರುವ ತಾಯಿಯ ಮಾನ. ಇಬ್ಬರೂ ಒಂದೇ ಮಾತಿಗೆ ನಿಂತದ್ದು ಅದೊಂದೇ ಸಲ. ಅಕ್ಕಪಕ್ಕದಲ್ಲಿ ನಿಂತಿದ್ದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿರ್ದೇಶಕ ಹಾಳೆ ಮಡಿಚಿ ಜೇಬಿಗೆ ಹಾಕಿಕೊಂಡ.

ಪ್ರದರ್ಶನ ವಿಜಯನಗರದ ಒಂದು ಶಾಲೆಯ ಸಭಾಂಗಣದಲ್ಲಿ. ಸಂಜೆ ಕುರ್ಚಿಗಳು ತುಂಬಿದವು, ಮುಕ್ಕಾಲು ಭಾಗ ಮಾಲೀಕನ ಕಡೆಯವರೇ. ಅವನ ತಾಯಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನ ನಡುವೆ ಕೂತಿದ್ದರು. ನನ್ನ ಅಕ್ಕ ಭಾವ ಬಂದಿರಲಿಲ್ಲ. ಲಾ ಓದುವವನ ಕಡೆಯಿಂದ ಕೆಂಗೇರಿಯ ಗೆಳೆಯನೊಬ್ಬನೇ ಬಂದಿದ್ದು ಬಾಗಿಲ ಹತ್ತಿರ ನಿಂತಿದ್ದ.

ಅಂಗಡಿಯ ದೃಶ್ಯ ಬಂತು. ಮುಖಂಡನೂ ರಂಗದ ಮೇಲಿದ್ದ, ಅಂಗಡಿಯ ಜಗುಲಿಯ ಮೇಲೆ ಕೂತು. ನಾನು ಚೊಂಬು ಚಾಚಿದೆ. ಮಾಲೀಕ ನನ್ನ ಕಡೆ ನೋಡಲೇ ಇಲ್ಲ. ಅಧಿಕಾರಿಗಳ ಮುಖಕ್ಕೆ ನೇರ ತಿರುಗಿ, ಎದೆ ಉಬ್ಬಿಸಿ "ಆಲು ಇಲ್ಲ, ಓಗು" ಅಂದ. ಹೋಗು ಅನ್ನುವುದನ್ನೂ ಬೇಕೆಂದೇ ಕೆಡಿಸಿದ. ಅವನ ಬಳಗದವರು ಚಪ್ಪಾಳೆ ತಟ್ಟಿದರು, ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಅಧಿಕಾರಿಗಳ ಕತ್ತಿನ ನರ ಬಿಗಿದದ್ದು ನನಗೆ ಹತ್ತಿರದಿಂದ ಕಾಣಿಸಿತು. ಬಹಿಷ್ಕಾರದ ಮಾತನ್ನು ಅವರು ಅಂಗಡಿಯವನನ್ನೇ ದುರುಗುಟ್ಟಿ ನೋಡುತ್ತಾ ಹೇಳಿದರು.

ಆಮೇಲೆ ಕೊನೆಯ ದೃಶ್ಯ. ರಂಗದ ಮೇಲೆ ಬಿಡಿಯಾಗಿ ನಿಲ್ಲಿಸಿದ್ದ ಒಂದು ಬಾಗಿಲ ಚೌಕಟ್ಟು, ಒಳಗೆ ತಮ್ಮ, ಹೊರಗೆ ನಾನು. "ನನಗೂ ಈ ಊರಲ್ಲಿ ಬದುಕಬೇಕು ಅಕ್ಕ. ಹೋಗು," ಅಂದು ಅವನು ಬಾಗಿಲು ಹಾಕಬೇಕು. ಅಷ್ಟೇ ಇದ್ದದ್ದು. ಅವನು ಅಷ್ಟು ಹೇಳಿದ. ಬಾಗಿಲು ಹಾಕಲಿಲ್ಲ.

"ಸಾಕ್ಷಿ ಹೇಳು ಅಂತ ನಿನ್ನನ್ನ ಯಾರು ಕರೆದ್ರು?" ಅಂದ.

ಇದು ಹಾಳೆಯಲ್ಲಿ ಇರಲಿಲ್ಲ.

"ನೀನು ನಿಜ ಹೇಳಿ ನಿನ್ನ ಮನೆಗೆ ಹೋದೆ. ಇಲ್ಲಿ ಇರಬೇಕಾದೋನು ನಾನು. ನನ್ನ ಕೇಳಿದ್ಯಾ?"

ಸುಮ್ಮನೆ ನಿಂತಿದ್ದರೆ ಮುಗಿಯುತ್ತಿತ್ತು. ಆದರೆ ನನಗೂ ಸಿಟ್ಟಿತ್ತು. ಇಷ್ಟು ವಾರ ಮೇಡಂ ಅನ್ನಿಸಿಕೊಂಡ ಸಿಟ್ಟು. "ಹೇಳದೆ ಇದ್ದಿದ್ರೆ? ಕಣ್ಣಿಗೆ ಕಂಡಿದ್ದನ್ನ ನುಂಗ್ಕೊಂಡು ನಾನೂ ಅವ್ರ ಥರ ಇರ್ಬೇಕಿತ್ತಾ?"

"ಹೇಳದೆ ಇದ್ದಿದ್ರೆ ನನ್ನ ತಲೆ ಮೇಲೆ ಸೂರು ಇರ್ತಿತ್ತು."

ಬಾಗಿಲು ಹಾಕಿಕೊಂಡ. ನನಗೆ ಅಳು ಬಂತು. ಅಷ್ಟು ವರ್ಷಗಳ ಮೇಲೆ ಜನರ ಎದುರಿಗೆ ಅತ್ತೆ, ಅದೂ ಬೆಳಕಿನಲ್ಲಿ ನಿಂತು. ಪಾತ್ರಕ್ಕಾಗಿ ಅಳುತ್ತಿದ್ದೇನೆ ಅಂತ ಎಲ್ಲರೂ ತಿಳಿದರು.

ಮುಗಿದ ಮೇಲೆ ಮಾಲೀಕನಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವ ಗದ್ದಲ. ಅವನ ತಾಯಿ ಮೆಲ್ಲಗೆ ನಡೆದುಕೊಂಡು ನನ್ನ ಹತ್ತಿರ ಬಂದರು. ಮಗನಿಗೂ ನನಗೂ ಜಗಳವಾದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು.

"ಎಂಥಾ ಪಾಪಿ ಜನ ಕಣಮ್ಮ ಆ ಊರೋರು," ಅಂದರು. "ಒಂದು ಹೆಣ್ಣುಮಗೀಗೆ ನೀರೂ ಕೊಡ್ಲಿಲ್ವಲ್ಲ."

ಅವರ ಕೈ ಬೆಚ್ಚಗಿತ್ತು. ನನ್ನ ಕೈ ಬಿಡಿಸಿಕೊಂಡೆ. ವಯಸ್ಸಾದವರು, ಅಳುತ್ತಿದ್ದಾರೆ, ಕರಗಬೇಕು ಅಂತ ಯಾರಾದರೂ ಹೇಳಬಹುದು. ನಾನು ಕರಗಲಿಲ್ಲ. ಇವತ್ತಿಗೂ ಆ ಮುಖ ನೆನಪಾದರೆ ಕಿಟಕಿ ಕಟ್ಟೆಯ ಮೇಲಿನ ಲೋಟವೇ ಕಣ್ಣ ಮುಂದೆ ಬರುತ್ತದೆ.

ಲಾ ಓದುವವನು ಬಣ್ಣವನ್ನೂ ಒರೆಸಿಕೊಳ್ಳದೆ ಗೆಳೆಯನ ಬೈಕ್ ಹತ್ತಿ ಹೊರಟುಹೋಗಿದ್ದ.

ನಿರ್ದೇಶಕ ಮರುದಿನವೇ ಆ ಕೊನೆಯ ದೃಶ್ಯದ ವಿಡಿಯೋವನ್ನು ತನ್ನ ಹೆಸರಿನಲ್ಲಿ ಇಂಟರ್‌ನೆಟ್ಟಿಗೆ ಹಾಕಿದ. ಎಂಥಾ ಸಂಭಾಷಣೆ ಅಂತ ಜನ ಹೊಗಳಿದರು. ತಾನು ಬರೆದದ್ದಲ್ಲ ಅಂತ ಅವನು ಹೇಳಲಿಲ್ಲ. ಲಾ ಓದುವವನು ಅವನ ಕಾಲೇಜಿಗೇ ಹೋಗಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ಜಗಳ ಮಾಡಿ ಅದನ್ನು ತೆಗೆಸಿದ ಅಂತ ನನಗೆ ಆಮೇಲೆ ತಿಳಿಯಿತು. ನನಗೆ ಫೋನ್ ಮಾಡಿದ್ದರೆ ನಾನೂ ಹೋಗುತ್ತಿದ್ದೆ. ಮಾಡಲಿಲ್ಲ. ಎರಡನೆಯ ಪ್ರದರ್ಶನ ಆಗಲೇ ಇಲ್ಲ. ಅಧಿಕಾರಿಗಳು ವಿಜಯನಗರದಲ್ಲಿ ತಮ್ಮದೇ ತಂಡ ಕಟ್ಟಿದರಂತೆ, ಎಲ್ಲ ಹಾವೇರಿ ಧಾರವಾಡದ ಕಡೆಯವರನ್ನೇ ಸೇರಿಸಿಕೊಂಡು. ಮಾಲೀಕ ತನ್ನ ಶೀಟು ಛಾವಣಿಯ ಜಾಗವನ್ನು ಜಿಮ್ಮಿನವರಿಗೆ ಬಾಡಿಗೆಗೆ ಕೊಟ್ಟ. ನಿರ್ದೇಶಕ ಆಸ್ಪತ್ರೆಗೆ ಒಮ್ಮೆ ಬಂದು ಹೊಸ ನಾಟಕವಿದೆ ಅಂದ. ಟೋಕನ್ ತಗೊಂಡು ಸಾಲಲ್ಲಿ ಕೂರಿ ಅಂದೆ. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ.

ನಾನು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅವನ ಸಿಟ್ಟು ತಪ್ಪು ಅಂತಲೂ ಅನ್ನಿಸುವುದಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಇರುವುದು ಕಷ್ಟ, ಆದರೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಈಚೆಗೆ ಕೆಂಗೇರಿಯಲ್ಲಿ ಒಂದು ನಾಮಕರಣಕ್ಕೆ ಹೋಗಲು ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಒಳಗೆ ಜನ ತುಂಬಿದ್ದರು. ಎದುರಿನ ಸೀಟಿನಲ್ಲಿ ಬಿಳಿ ಶರ್ಟು, ಕಪ್ಪು ಪ್ಯಾಂಟು, ತೊಡೆಯ ಮೇಲೆ ಮಡಿಚಿದ ಕಪ್ಪು ಕೋಟು. ಅವನೇ. ಸ್ವಲ್ಪ ದಪ್ಪಗಾಗಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಕೂತ್ಕೊಳ್ಳಿ ಮೇಡಂ."

"ಬೇಡ, ನೀನು ಕೂತ್ಕೋ."

ಇಬ್ಬರೂ ಕೂರಲಿಲ್ಲ. ಚೀಲ ಹಿಡಿದಿದ್ದ ಒಬ್ಬ ಹೆಂಗಸು ನಮ್ಮಿಬ್ಬರ ನಡುವೆ ನುಸುಳಿ ಆ ಸೀಟಿನಲ್ಲಿ ಕೂತುಬಿಟ್ಟಳು. ನಾವು ಒಂದೇ ಕಂಬ ಹಿಡಿದು ನಿಂತೆವು.

"ನಾಟಕ ಮಾಡ್ತಿದೀಯಾ?" ಅಂತ ಕೇಳಿದೆ.

"ಊರಿಗೆ ಹೋದಾಗ. ಬೀದೀಲಿ."

"ಯಾವ ಪಾತ್ರ?"

"ಒದೆ ತಿನ್ನೋನು." ಅವನ ಮುಖದಲ್ಲಿ ನಗು ಇರಲಿಲ್ಲ. ಕೋಟನ್ನು ಇನ್ನೊಂದು ತೋಳಿಗೆ ಹಾಕಿಕೊಂಡು ತಾನಾಗಿಯೇ ಹೇಳಿದ. "ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ ನನಗೆ. ಹೋಗಿದೆ ಅಂತ ಸುಳ್ಳು ಹೇಳಕ್ಕಾಗಲ್ಲ."

"ನನಗೂ ಹೋಗಿಲ್ಲ," ಅಂದೆ.

ತಲೆಯಾಡಿಸಿದ. ಕಿಟಕಿಯಾಚೆ ನಾಯಂಡಹಳ್ಳಿ ಹಿಂದೆ ಸರಿಯಿತು. ಕೆಂಗೇರಿಯಲ್ಲಿ ಇಬ್ಬರೂ ಇಳಿದೆವು. ಅವನು ಎಸ್ಕಲೇಟರ್ ಕಡೆ ಹೋದ, ನಾನು ಮೆಟ್ಟಿಲು ಹಿಡಿದೆ.